ಕಚ್ಚಾ ಹೊಲಿಗೆಯ ಮೇಲೆ ಹೆವಿ ಮೆಟಲ್

ಮೊನ್ನೆ ಮಿಷನ್ನಿನ ಖಾನೆಯೊಳಗೆ ಬಾಬಿನ್ ಹುಡುಕುತ್ತಿದ್ದೆ. ದರ್ಜಿಯ ಖಾನೆ ಎಂಥದ್ದು ಅಂತ ನಿಮಗೂ ಗೊತ್ತಿರಬಹುದು. ಮುರಿದ ಸೂಜಿ, ಸವೆದ ಸೀಮೆಸುಣ್ಣ, ಜೊತೆ ತಪ್ಪಿದ ಗುಂಡಿ, ಯಾರದೋ ಮದುವೆಯ ಅಕ್ಷತೆ, ಎಲ್ಲಾ ಅಲ್ಲೇ. ಬಾಬಿನ್ ಒಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಅವುಗಳ ನಡುವೆ ಮೆತ್ತಗೆ ಏನೋ ಕೈಗೆ ತಗುಲಿತು. ತೆಗೆದು ನೋಡಿದರೆ ಕಿವಿಗೆ ತುರುಕಿಕೊಳ್ಳುವ ಹಳದಿ ಸ್ಪಂಜಿನ ಬಿರಡೆ, ಒಂದು ಜೊತೆ. ವರ್ಷದ ಮೇಲಾಯಿತು ಆ ಸಂಗತಿ ನಡೆದು, ಆದರೂ ಎದೆ ಒಂದು ಸಲ ಡವಗುಟ್ಟಿತು ನೋಡ್ರಿ.

ಆ ಬಿರಡೆ ನನಗೆ ಸಿಕ್ಕಿದ್ದು ಮಡಕಶಿರದ ಒಂದು ಫಂಕ್ಷನ್ ಹಾಲಿನ ಬಾಗಿಲಲ್ಲಿ. ಹೆವಿ ಮೆಟಲ್ ಅಂತ ಗಿಟಾರು, ಡ್ರಮ್ಮು, ಅರಚಾಟದ ಹಾಡು, ಅದರ ಕಚೇರಿಗೆ ಹೋಗಿದ್ದೆ. ಹೌದ್ರಿ, ನಾನೇ. ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಇಪ್ಪತ್ತೆಂಟು ವರ್ಷ ಕೂತು ಸೊಂಟ ಬಾಗಿದವನು, ವಿಭೂತಿ ಹಚ್ಚದೆ ಹೊಸ್ತಿಲು ದಾಟದವನು, ಹಿತ್ತಲಲ್ಲಿ ಪಾತ್ರೆ ಬಿದ್ದರೂ ಬೆಚ್ಚಿ ಬೀಳುವವನು. ನಾನು ಅದರ ದೊಡ್ಡ ಅಭಿಮಾನಿ ಏನಲ್ಲ. ನನಗೆ ಗೊತ್ತಿರೋದು ಮೂರೇ ಹಾಡು. ಅವೂ ಒಂದೇ ತಂಡದವು, ಆ ತಂಡದಲ್ಲಿ ಹಾಡೋನು ನನ್ನ ಹೆಂಡತಿಯ ತಮ್ಮ. ಹೊರದೇಶದ ದೊಡ್ಡ ದೊಡ್ಡ ತಂಡಗಳ ಹೆಸರು ಯಾರಾದರೂ ಹೇಳಿದರೆ ನನಗೆ ಮಾತ್ರೆಯ ಹೆಸರು ಕೇಳಿದಂಗಾಗುತ್ತದೆ, ಊಟಕ್ಕೆ ಮುಂಚೆಯೋ ಆಮೇಲೋ ಅಂತ ಕೇಳಬೇಕು ಅನ್ನಿಸುತ್ತದೆ.

ಹೆಂಡತಿಯ ತಮ್ಮನ ಹೆಸರು ಶಿವು. ಊರು ರೊಳ್ಳ. ಕೆಲಸ ಅಲ್ಲೇ ಹತ್ತಿರದ ಒಂದು ಗ್ರಾಮ ಸಚಿವಾಲಯದಲ್ಲಿ, ಅಂದರೆ ನಮ್ಮ ಆಂಧ್ರದ ಊರಾಫೀಸಿನಲ್ಲಿ. ಪಿಂಚಣಿಗೆ ಬಂದ ಮುದುಕಿಯರ ಬೆರಳು ಹಿಡಿದು ಯಂತ್ರದ ಮೇಲೆ ಇಡಿಸಿ, "ಇನ್ನೊಂದ್ ಕಿತ ಒತ್ತಜ್ಜಿ, ತಗೊಳ್ಳಿಲ್ಲ" ಅಂತ ಅಷ್ಟು ಮೆತ್ತಗೆ ಮಾತಾಡೋ ಮನುಷ್ಯ. ಭಾನುವಾರ ಬಂದರೆ ಅದೇ ಗಂಟಲಿನಿಂದ ಬೇರೆಯೇ ಪ್ರಾಣಿ ಹೊರಗೆ ಬರುತ್ತದೆ. ಎಲ್ಲಿಟ್ಟುಕೊಂಡಿರುತ್ತಾನೆ ಅದನ್ನು ವಾರಪೂರ್ತಿ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ನಾನು ಅದನ್ನು ಮೊದಲು ಕೇಳಿದ್ದು ರೊಳ್ಳದ ಮಾವನ ಮನೆಯಲ್ಲಿ, ನನ್ನ ನಾದಿನಿಯ ಮಗುವಿಗೆ ಜವಳ ತೆಗೆಸಿದ ದಿನ. ಊಟ ಮುಗಿದು ಎಲೆ ಅಡಿಕೆ ನಡೆದಿತ್ತು. ಶಿವು ಫೋನ್ ತಂದು ಎಲ್ಲರ ನಡುವೆ ಇಟ್ಟ. "ನಮ್ದೊಂದು ಹಾಡು ರೆಕಾರ್ಡ್ ಮಾಡಿದೀವಿ, ಒಂಚೂರು ಕೇಳಿ ಭಾವ" ಅಂದ. ನಾಲ್ಕು ನಿಮಿಷದ ಹಾಡು. ಮಗು ಅತ್ತಿತು, ಕೋಳಿಗಳು ಕಾಂಪೌಂಡು ಹಾರಿದವು. ಹಾಡು ಮುಗಿದ ಮೇಲೆ ಎಲ್ಲರೂ ನನ್ನ ಬಾಯಿ ನೋಡಿದರು. ಆ ಮನೆಗೆ ನಾನು ದೊಡ್ಡಳಿಯ, ಅದರ ಮೇಲೆ ನಗಿಸೋ ಅಳಿಯ. ನಗಿಸೋ ಅಳಿಯನಿಗೆ ಒಂದು ಕರ್ಮ ಇರುತ್ತದೆ ನೋಡ್ರಿ. ಜನ ಬಾಯಿ ನೋಡಿದರೆ ಏನಾದರೂ ಉದುರಿಸಲೇಬೇಕು.

"ಶಿವು, ಇದನ್ನ ಶೇಂಗಾ ಹೊಲದಾಗ ಹಚ್ಚಪ್ಪ" ಅಂದೆ. "ಕಾಡಹಂದಿ ಆ ಕಡೆ ತಲಿ ಹಾಕಿ ಮಲಗಂಗಿಲ್ಲ."

ಜನ ನಕ್ಕರು ಅಂದರೆ, ಅಡಿಕೆ ಗಂಟಲಿಗೆ ಸಿಕ್ಕಿ ಒಬ್ಬರು ಹೊರಗೆ ಓಡಿದರು. ಶಿವೂನೂ ನಕ್ಕ. ನಕ್ಕು ಫೋನ್ ಜೇಬಿಗೆ ಇಳಿಸಿದ. ಆಮೇಲೆ ಎರಡು ವರ್ಷ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಹಬ್ಬಕ್ಕೆ ಫೋನ್ ಮಾಡಿದರೆ ಅಕ್ಕನ ಹತ್ತಿರ ಮಾತಾಡಿ ಇಟ್ಟುಬಿಡುತ್ತಿದ್ದ. ನನ್ನ ಹೆಂಡತಿ ಗಿರಿಜ ಜಗಳದ ಹೆಂಗಸಲ್ಲ. ಒಂದು ದಿನ ಮುದ್ದೆ ಕಟ್ಟುತ್ತಾ, ನನ್ನ ಕಡೆ ತಿರುಗದೆ ಅಂದಳು: "ಅವ್ನು ಅದನ್ನ ತಂದಿದ್ದೇ ನಿಮ್ಗೆ ಕೇಳ್ಸಕ್ಕೆ. ಭಾವ ಚೆನ್ನಾಗೈತೆ ಅಂದ್ಬುಟ್ರೆ ಮನೇರೆಲ್ಲ ಸುಮ್ಕಾಯ್ತಾರೆ ಅಂತ ನಂಬ್ಕೊಂಡಿದ್ದ." ಆ ದಿನ ಮುದ್ದೆ ನನಗೆ ಇಳಿಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ತಪ್ಪಾಯಿತು ಅನ್ನಬಹುದಿತ್ತಲ್ಲ ಅಂತೀರಿ. ಆ ಮಾತು ನಮ್ಮ ವಂಶದವರ ಬಾಯಲ್ಲಿ ಹುಟ್ಟೋದಿಲ್ಲ. ನಮ್ಮಪ್ಪ ಯಾವತ್ತಾದರೂ ಅಮ್ಮನ ಮೇಲೆ ಸುಮ್ಮಸುಮ್ಮನೆ ರೇಗಿದರೆ, ಆ ಸಂಜೆ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬರುತ್ತಿದ್ದ. ಪೇಪರ್ ಪೊಟ್ಟಣ ಒಲೆಯ ಹತ್ತಿರ ಇಟ್ಟು ಕೈಕಾಲು ತೊಳೆಯೋಕೆ ಹೋಗುತ್ತಿದ್ದ. ಅಮ್ಮ ಪೊಟ್ಟಣ ಬಿಚ್ಚಿದರೆ ರಾಜಿ, ಬಿಚ್ಚದಿದ್ದರೆ ನಾಳೆ ಮತ್ತೆ ಮಿರ್ಚಿ. ನಾವು ಮಕ್ಕಳಂತೂ ಅಮ್ಮ ನಾಲ್ಕು ದಿನ ಸಿಟ್ಟಿನಲ್ಲೇ ಇರಲಿ ಅಂತ ದೇವರಿಗೆ ಕೈಮುಗಿಯುತ್ತಿದ್ದೆವು.

ಇನ್ನು ನಾನು ಆ ಹಾಡು ಕೇಳೋಕೆ ಶುರು ಮಾಡಿದ್ದು ಹೇಗೆ ಅಂದರೆ, ಮೊದಲು ಪಾಪಪ್ರಜ್ಞೆಯಿಂದ. ಗಿರಿಜಳ ಫೋನಿನಿಂದ ಮೂರು ಹಾಡು ನನ್ನ ಫೋನಿಗೆ ಹಾಕಿಕೊಂಡೆ. ನಮ್ಮ ಯೂನಿಟ್ಟಿನಲ್ಲಿ ನಲವತ್ತು ಮಿಷನ್ನು. ಎಲ್ಲಾ ಒಟ್ಟಿಗೆ ಓಡಿದರೆ ಪಕ್ಕದವರ ಮಾತು ಕೇಳೋದಿಲ್ಲ, ತುಟಿ ನೋಡಿ ತಿಳಿಯಬೇಕು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸಿನಿಮಾ ಹಾಡು ಹಾಕಿದರೆ ಆ ಸದ್ದಿನೊಳಗೆ ಮುಳುಗಿ ಹೋಗುತ್ತದೆ. ಶಿವೂನ ಹಾಡು ಮುಳುಗಲಿಲ್ಲ. ನಲವತ್ತು ಮಿಷನ್ನಿನ ಮೇಲೆ ಅದು ಒಂದೇ ನಿಂತಿತು. ಒಂದು ಹಾಡಿನಲ್ಲಿ ಗಿಟಾರು ಹಿಪ್ಪುನೇರಳೆ ಸೊಪ್ಪು ತಿನ್ನೋ ರೇಷ್ಮೆ ಹುಳದ ಸದ್ದು ಮಾಡುತ್ತದೆ, ಸರ ಸರ ಸರ ಅಂತ. ರೊಳ್ಳದ ಮನೆಯಲ್ಲಿ ಹುಳದ ತಟ್ಟೆಗಳ ಕೆಳಗೆ ಮಲಗಿ ಬೆಳೆದವನಲ್ಲವಾ ಅವನು. ಅದನ್ನು ಹಿಡಿದು ಹೊಲಿದರೆ ಕೈ ತಾನೇ ಓಡುತ್ತಿತ್ತು. ಇನ್ನೊಂದು ಹಾಡು ಕಾಡಹಂದಿಯ ಮೇಲೆ. ಹೂಂ, ನೀವು ಅಂದುಕೊಂಡದ್ದು ಸರಿ. ನಾನು ಅಂದ ಮಾತಿನಿಂದಲೇ ಅವನು ಹಾಡು ಕಟ್ಟಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಆ ಹಾಡು ಬಂದಾಗಲೆಲ್ಲ ನಾನು ಸುತ್ತ ನೋಡುತ್ತಿದ್ದೆ. ಆದರೂ ದಿನಕ್ಕೆ ಎರಡು ಸಲ ಕೇಳುತ್ತಿದ್ದೆ. ನನಗೆ ಹಿಡಿಸಿದ್ದೂ ಅದೇ. ಇದನ್ನು ಅವನಿಗೆ ಹೇಳಲಿಲ್ಲ, ಗಿರಿಜಳಿಗೂ ಹೇಳಲಿಲ್ಲ.

ಹೀಗಿರುವಾಗ ಒಂದು ದಿನ ಅವನ ಫೋನು ಬಂತು, ಎಂದಿನಂತೆ ಅಕ್ಕನಿಗೆ. ಮಡಕಶಿರದಲ್ಲಿ ಕಚೇರಿ ಇಟ್ಟುಕೊಂಡಿದ್ದಾರಂತೆ. ಇಷ್ಟು ದಿನ ಹೊರಗಿನ ಊರುಗಳಲ್ಲೇ ಹಾಡಿದ್ದು, ನಮ್ಮ ಕಡೆ ಇದೇ ಮೊದಲು. ಬಂಧುಗಳನ್ನೆಲ್ಲ ಕರೆದಿದ್ದಾನಂತೆ. ಕೊನೆಗೆ, "ಅಕ್ಕ, ಭಾವಂಗೆ ಕೇಳು, ಒಂದು ಕಪ್ಪು ಜೀನ್ಸ್ ಹೊಲ್ಕೊಡ್ತಾರಾ ಅಂತ. ಸ್ಟೇಜ್ ಮೇಲೆ ಕಾಲೆತ್ತಿದ್ರೆ ಹಿಡೀಬಾರ್ದು, ಅಂಗಿರ್ಬೇಕು" ಅಂದನಂತೆ. ಪಕ್ಕದಲ್ಲೇ ಕೂತಿದ್ದ ನನಗೆ ಎಲ್ಲಾ ಕೇಳುತ್ತಿತ್ತು. ಎರಡು ವರ್ಷದ ಮೇಲೆ ಅವನ ಬಾಯಿಂದ ಭಾವ ಅನ್ನೋ ಮಾತು ಬಂದಿತ್ತು. "ಹೊಲಿತೀನಿ ಅನ್ನು" ಅಂತ ಕೈಸನ್ನೆ ಮಾಡಿದೆ. ಕಣ್ಣು ಯಾಕೋ ಒದ್ದೆಯಾಯಿತು, ಈರುಳ್ಳಿ ಕೂಡ ಹೆಚ್ಚುತ್ತಿರಲಿಲ್ಲ.

ಈಗ ನಿಮಗೊಂದು ಗುಟ್ಟು ಹೇಳಬೇಕು. ಮಾವನ ಮನೆಯಲ್ಲಿ ನನ್ನನ್ನು ಜೀನ್ಸ್ ಮಾಸ್ಟ್ರು ಅಂತಾರೆ. ಅತ್ತೆ ಊರಲ್ಲೆಲ್ಲ, "ನಮ್ಮಳಿಯ ಕಣ್ಣು ಮುಚ್ಕೊಂಡು ಪ್ಯಾಂಟ್ ಹೊಲೀತಾರೆ" ಅಂತ ಸಾರಿದ್ದಾರೆ. ರಾಯದುರ್ಗದ ಯೂನಿಟ್ಟುಗಳಲ್ಲಿ ಕೆಲಸ ನಡೆಯೋ ರೀತಿ ಅವರಿಗೆ ಗೊತ್ತಿಲ್ಲ. ಇಲ್ಲಿ ಯಾರೂ ಪ್ಯಾಂಟ್ ಹೊಲಿಯೋದಿಲ್ಲ, ಪ್ಯಾಂಟಿನ ಒಂದು ತುಂಡು ಹೊಲಿಯುತ್ತಾರೆ. ಜೇಬು ಖಾದರ್‌ದು, ಜಿಪ್ಪು ಲಕ್ಷ್ಮಿಯದು, ಕೂರೋ ಕಡೆಯ ಸೀಟಿನ ಜೋಡು ಹೊಲಿಗೆ ಹನುಮಕ್ಕನದು. ತನ್ನ ಪಾಲು ಮುಗಿಸಿ ಎಡಗಡೆ ಹಾಕೋದು, ಎಡಗಡೆ ಕೂತವರು ಎತ್ತಿಕೊಂಡು ಅವರ ಪಾಲು ಮುಗಿಸೋದು. ನಾನು ಸೊಂಟದ ಪಟ್ಟಿ ಕೂರಿಸೋನು. ಯೂನಿಟ್ಟಿನಲ್ಲಿ ನನ್ನ ಹೆಸರು ಬೆಲ್ಟ್ ಈರಣ್ಣ. ಇಪ್ಪತ್ತೆಂಟು ವರ್ಷದಲ್ಲಿ ಲಕ್ಷಗಟ್ಟಲೆ ಬೆಲ್ಟು ಕೂರಿಸಿರಬೇಕು. ಒಂದು ಪ್ಯಾಂಟು, ಪೂರ್ತಿ ಒಂದು ಪ್ಯಾಂಟು, ಹೊಲಿದಿರಲಿಲ್ಲ. ಮಾವನ ಮನೆಯವರ ಹತ್ತಿರ ಮಾತ್ರ ಮೀಸೆ ತಿರುವಿಕೊಂಡು ಇದ್ದುಬಿಟ್ಟಿದ್ದೆ.

ಯೂನಿಟ್ಟಿನಲ್ಲಿ ಯಾರಿಗಾದರೂ ಹೇಳಿ ಹೊಲಿಸಬಹುದಿತ್ತು. ಅರ್ಧ ಗಂಟೆಯ ಕೆಲಸ. ಆದರೆ ಮಿರ್ಚಿ ಬೇರೆಯವರ ಕೈಲಿ ಕಳಿಸಿದರೆ ರಾಜಿ ಆಗುತ್ತದಾ? ಭಾನುವಾರ, ರಜೆ, ಮಾಲೀಕರ ಹತ್ತಿರ ಬೀಗದ ಕೈ ಕೇಳಿ ತಂದು ಒಬ್ಬನೇ ಒಳಗೆ ಹೋದೆ. ಖಾದರ್‌ನ ಸ್ಟೂಲಿನ ಮೇಲೆ ಕೂತು ಖಾದರ್ ಆದೆ. ಲಕ್ಷ್ಮಿಯ ಕುರ್ಚಿಯಲ್ಲಿ ಕೂತು ಲಕ್ಷ್ಮಿ ಆದೆ. ಜಿಪ್ಪು ಎರಡು ಸಲ ಬಿಚ್ಚಿ ಹಾಕಿದೆ. ನಡುವೆ ಒಂದು ಸಲ ಹೊರಗೆ ಹೋಗಿ ಚಹಾ ಕುಡಿದು ಬಂದೆ. ಸಂಜೆಯ ಹೊತ್ತಿಗೆ ನನ್ನ ಸ್ವಂತ ಮಿಷನ್ನಿಗೆ ಬಂದು ಬೆಲ್ಟು ಕೂರಿಸಿದಾಗ, ಕಪ್ಪು ಬಟ್ಟೆ, ಕಪ್ಪು ದಾರ, ಅಂಗಡಿಯಲ್ಲಿ ತೂಗುಹಾಕಿದ ಮಾಲಿನ ಹಾಗೆ ನಿಂತಿತ್ತು. ಕಳಿಸಿಕೊಟ್ಟೆ. ನಾಲ್ಕನೇ ದಿನ ಅವನ ಮೆಸೇಜು, ಈ ಸಲ ನನ್ನ ಫೋನಿಗೆ: "ಫಿಟ್ ಆಗೈತೆ ಭಾವ. ತಪ್ಪದೆ ಬನ್ನಿ." ಯೂನಿಟ್ಟಿನಲ್ಲಿ ನಾಲ್ಕು ಜನಕ್ಕೆ ತೋರಿಸಿದೆ. ಐದನೆಯವರಿಗೂ ತೋರಿಸಿದೆ ಅಂತ ಕಾಣುತ್ತದೆ.

ಕಚೇರಿ ಮಧ್ಯಾಹ್ನ ಮೂರಕ್ಕೆ. ಫಂಕ್ಷನ್ ಹಾಲಿನಲ್ಲಿ ಬೆಳಿಗ್ಗೆ ಒಂದು ಮದುವೆ, ಸಂಜೆ ಇನ್ನೊಂದು ಮದುವೆಯ ರಿಸೆಪ್ಷನ್ನು, ನಡುವೆ ಖಾಲಿ ಇದ್ದ ಹೊತ್ತನ್ನು ಇವರು ಹಿಡಿದಿದ್ದರು. ನಾನೂ ಗಿರಿಜಾನೂ ಕಲ್ಯಾಣದುರ್ಗಕ್ಕೆ ಬಂದು ಬಸ್ಸು ಬದಲಾಯಿಸಿದೆವು. ಅವಳಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು. ನನ್ನ ಪಕ್ಕಕ್ಕೆ ಅಮರಾಪುರದ ಯಜಮಾನರೊಬ್ಬರು, ಕುರಿ ವ್ಯಾಪಾರದವರು. ರಾಯದುರ್ಗ ಅಂದ ಕೂಡಲೆ ಜೀನ್ಸಿನ ಮಾತು ಬಂತು.

"ಒಂದು ಪ್ಯಾಂಟು ಹೊಲಿಯಾಕೆ ಎಷ್ಟು ಜನ ಬೇಕು ಸಾಮಿ?" ಅಂದರು.

ನಾನು ಬೆರಳು ಮಡಿಸುತ್ತಾ ಶುರು ಮಾಡಿದೆ. "ಕಟಿಂಗ್ ಆದ ಮ್ಯಾಗ ಮೊದಲು ಜೇಬು, ಖಾದರ್. ಆಮ್ಯಾಲ ಜಿಪ್ಪು, ಲಕ್ಷ್ಮಿ. ಆಮ್ಯಾಲ ಸೀಟು ಎರಡೂ ಕೂಡಿಸಿ ಕಚ್ಚಾ ಹೊಲಿಗಿ ಹಾಕಿ ಎಡಗಡಿ ಇಡ್ತಾರ, ಹನುಮಕ್ಕ ತಗೊಂಡು ಜೋಡು ಹೊಲಿಗಿ..."

ಬೆರಳು ಅಲ್ಲೇ ನಿಂತಿತು.

ಖಾದರ್ ಆಗಿದ್ದೆ. ಲಕ್ಷ್ಮಿ ಆಗಿದ್ದೆ. ಹನುಮಕ್ಕ ಆಗಿರಲಿಲ್ಲ. ಸೀಟು ಕೂಡಿಸಿ, ಜಾರದಿರಲಿ ಅಂತ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಇಪ್ಪತ್ತೆಂಟು ವರ್ಷದ ರೂಢಿಯಂತೆ ಎಡಗಡೆ ಇಟ್ಟು ಚಹಾ ಕುಡಿಯೋಕೆ ಹೋಗಿದ್ದೆ. ಬಂದು ನೋಡಿದರೆ ಎಡಗಡೆ ಇತ್ತು. ಎಡಗಡೆ ಇದ್ದದ್ದು ಅಂದರೆ ಹನುಮಕ್ಕನ ಪಾಲು, ಹನುಮಕ್ಕನ ಪಾಲಿಗೆ ಬಿದ್ದದ್ದು ಮುಗಿದಂಗೆ ಲೆಕ್ಕ. ಎತ್ತಿಕೊಂಡು ಬೆಲ್ಟು ಕೂರಿಸಿಬಿಟ್ಟಿದ್ದೆ. ನೀಲಿ ಬಟ್ಟೆಗೆ ಬಿಳಿ ದಾರದ ಕಚ್ಚಾ ಹೊಲಿಗೆ ಆಗಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು. ಕಪ್ಪಿನ ಮೇಲೆ ಕಪ್ಪು, ಯಾರಿಗೆ ಕಾಣಬೇಕು?

"ಯಾಕ್ ಸಾಮಿ, ಮೈಯಾಗೆ ಉಸಾರಿಲ್ವಾ?" ಅಂದರು ಯಜಮಾನರು. ನೀರಿನ ಬಾಟಲಿ ಕೊಟ್ಟರು.

ಕಚ್ಚಾ ಹೊಲಿಗೆ ನಿಂತವನಿಗೆ ತಡೆಯುತ್ತದೆ, ಕೂತವನಿಗೂ ತಡೆದೀತು. ಕಾಲೆತ್ತಿ ಕುಣಿಯುವವನಿಗೆ ತಡೆಯೋದಿಲ್ಲ. ಶಿವು ಹಾಡುವಾಗ ಕಾಲು ಅಗಲಿಸಿ, ಮುಂದಿನ ಸ್ಪೀಕರ್ ಪೆಟ್ಟಿಗೆಯ ಮೇಲೆ ಒಂದು ಕಾಲಿಟ್ಟು ಬಾಗುತ್ತಾನೆ, ವಿಡಿಯೋದಲ್ಲಿ ನೋಡಿದ್ದೇನೆ. ಪ್ಯಾಂಟು ಬಿಚ್ಚಿಕೊಂಡರೆ ಮಾನ ಹೋಗೋದು ಅವನದು. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಎರಡು ವರ್ಷದ ಹಿಂದೆ ಬಂಧುಗಳೆಲ್ಲರ ಎದುರು ನಗೆಪಾಟಲು ಮಾಡಿದ ಭಾವ, ಈಗ ಅದೇ ಬಂಧುಗಳ ಎದುರು ಹರಿಯೋ ಪ್ಯಾಂಟು ಹೊಲಿದುಕೊಟ್ಟ. ಯಾರು ಮರೆವು ಅಂತಾರೆ? ನಾನೇ ಅವನಾಗಿದ್ದರೆ ನಾನು ಅನ್ನುತ್ತಿದ್ದೆನಾ?

ಫೋನ್ ಹಚ್ಚಿದೆ. ಸ್ವಿಚ್ ಆಫ್. ಮತ್ತೆ ಹಚ್ಚಿದೆ. "ಆ ಪ್ಯಾಂಟು ಹಾಕ್ಕೋಬ್ಯಾಡ" ಅಂತ ಮೆಸೇಜು ಹಾಕಿದೆ, ತಲುಪಿಲ್ಲ ಅಂತ ಒಂದೇ ಗೀಟು ಬಿತ್ತು. ಎರಡನೇ ಗೀಟು ಬೀಳುತ್ತದಾ ಅಂತ ನೋಡುತ್ತಾ ಕೂತೆ. ಬಸ್ಸಿನವನು ಊರೂರಿಗೆ ನಿಲ್ಲಿಸಿ, ಮೂಟೆ ಹತ್ತಿಸಿ, ಇಳಿಸಿ, ಒಂದು ಕಡೆ ಇಳಿದು ಮಜ್ಜಿಗೆಯನ್ನೂ ಕುಡಿದ. ನನಗೆ ಮೂರನೇ ಕ್ಲಾಸಿನ ನೆನಪು ಬಂತು. ಆಗಸ್ಟ್ ಹದಿನೈದು, ಬಾವುಟದ ಕೆಳಗೆ ಮಾರ್ಚ್‌ಪಾಸ್ಟು, ಮೂರನೇ ಹೆಜ್ಜೆಗೆ ನನ್ನ ಖಾಕಿ ಚಡ್ಡಿಯ ಸೀಟು ಪರ್ರ್ ಅಂತು. ಇಡೀ ಬೆಳಿಗ್ಗೆ ಪಾಟಿಯನ್ನು ಹಿಂದೆ ಹಿಡಿದುಕೊಂಡು ನಡೆದೆ. ಲಾಡು ಕೊಡುವಾಗ ಎರಡೂ ಕೈ ಚಾಚಬೇಕು ಅಂತ ಮೇಷ್ಟ್ರು ಪಟ್ಟು ಹಿಡಿದರು. ಲಾಡು ಬೇಡ ಸಾರ್ ಅಂದೆ. ಲಾಡು ಬೇಡ ಅಂದ ಮಗು ಅಂತ ಆ ಶಾಲೆಯಲ್ಲಿ ನನಗೆ ಬಹಳ ದಿನ ಒಳ್ಳೆಯ ಹೆಸರಿತ್ತು. ಆ ಸಂಕಟ ಎಂಥದ್ದು ಅಂತ ಗೊತ್ತಿದ್ದವನೇ ಇನ್ನೊಬ್ಬನಿಗೆ ಅದನ್ನು ಹೊಲಿದು ಕಳಿಸಿದ್ದೆ.

ಮಡಕಶಿರದಲ್ಲಿ ಇಳಿದ ಮೇಲೆ ಗಿರಿಜಳಿಗೆ ಹೇಳಿದೆ. ಅವಳು ನಡುರಸ್ತೆಯಲ್ಲಿ ನಿಂತಳು.

"ಬೇಕಂತ್ಲೇ ಮಾಡಿದ್ರಾ?"

ನೋಡ್ರಿ, ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳೇ ಹೀಗೆ ಕೇಳಿದಳು. "ನಿನ್ನಾಣಿ ಇಲ್ಲ" ಅಂದೆ. ಅವಳು ನನ್ನ ಮುಖ ನೋಡಿ, "ನಾನು ನಂಬ್ತೀನಿ. ಅವ್ನು ನಂಬಲ್ಲ" ಅಂದಳು. ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ದಪ್ಪ ಕಪ್ಪು ದಾರದ ಉಂಡೆ ತಗೊಂಡೆ. ಫಂಕ್ಷನ್ ಹಾಲ್ ಮುಟ್ಟುವಷ್ಟರಲ್ಲಿ ಮೂರೂಕಾಲು, ಒಳಗೆ ಶುರುವಾಗಿತ್ತು. ಬಾಗಿಲಲ್ಲಿ ಕಪ್ಪು ಟೀಶರ್ಟಿನ ಹುಡುಗಿ ಹಳದಿ ಬಿರಡೆ ಕೊಟ್ಟು, "ಅಂಕುಲ್, ಚೆವುಲ್ಲೋ ಪೆಟ್ಟುಕೋಂಡಿ" ಅಂತ ತೆಲುಗಿನಲ್ಲಿ ಅಂದಳು. ಕಿವಿಗೆ ಇಟ್ಟುಕೊಳ್ಳೋದನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ನುಗ್ಗಿದೆ.

ಬೆಳಗಿನ ಮದುವೆಯ ಬಾಳೆಕಂಬ ಹಾಗೇ ಇತ್ತು. ವೇದಿಕೆಯ ಹಿಂದೆ ಥರ್ಮಾಕೋಲಿನಲ್ಲಿ ಲೋಕೇಶ್ ವೆಡ್ಸ್ ಅನುಷಾ, ಅದರ ಕೆಳಗೆ ಕೂದಲು ಬಿಟ್ಟ ನಾಲ್ಕು ಜನ. ಹಿಂದೂಪುರದ ಕಡೆಯವರು, ಸಿರಾ ಕಡೆಯವರು, ಎಂಬತ್ತು ತೊಂಬತ್ತು ಕಪ್ಪು ಟೀಶರ್ಟುಗಳು ನಿಂತು ತಾಳಕ್ಕೆ ತಲೆ ಎತ್ತಿ ಒಗೆಯುತ್ತಿದ್ದವು. ಮುಂದಿನ ಎರಡು ಸಾಲು ಕುರ್ಚಿಯಲ್ಲಿ ರೊಳ್ಳದ ಬಂಧುಗಳು, ರೇಷ್ಮೆ ಸೀರೆ, ಕಿವಿಯಲ್ಲಿ ಹತ್ತಿ. ನಮ್ಮಿಬ್ಬರಿಗೆ ಸರಿಯಾಗಿ ನಡುವೆ ಜಾಗ ಹಿಡಿದಿದ್ದರು. ಶಿವು ನನ್ನನ್ನು ಕಂಡ. ಕಂಡು, ಹಾಡುತ್ತಲೇ, ತಲೆ ಸ್ವಲ್ಪ ಬಗ್ಗಿಸಿದ. ಹಾಕಿಕೊಂಡಿದ್ದ, ಅದನ್ನೇ ಹಾಕಿಕೊಂಡಿದ್ದ.

ಆಮೇಲಿನ ಒಂದು ಗಂಟೆ ನಾನು ಏನು ಕೇಳಿದೆ ಅಂತ ಕೇಳಬೇಡಿ. ನೆಲ ಅದುರುತ್ತಿತ್ತು, ಎದೆಯ ಎಲುಬು ಅದುರುತ್ತಿತ್ತು, ಅಷ್ಟು ಗೊತ್ತು. ನನ್ನ ಕಣ್ಣು ಆ ಪ್ಯಾಂಟು ಬಿಟ್ಟು ಅಲುಗಲಿಲ್ಲ. ಅವನು ಕಾಲು ಅಗಲಿಸಿದರೆ ನಾನು ನನ್ನ ಕಾಲು ಜೋಡಿಸುತ್ತಿದ್ದೆ. ಅವನು ಹಾರಿದರೆ ನಾನು ಕುರ್ಚಿಯ ತೋಳು ಹಿಡಿಯುತ್ತಿದ್ದೆ. ನೇಮಕಲ್ಲಿನ ಆಂಜನೇಯಸ್ವಾಮಿಗೆ ಒಂದು ಹಾಡಿಗೆ ಐದು ತೆಂಗಿನಕಾಯಿಯಂತೆ ಹರಕೆ ಹೊರುತ್ತಾ ಹೋದೆ. ಪಕ್ಕದಲ್ಲಿ ಗಿರಿಜಾನೂ ಬಾಯಿ ಮೇಲೆ ಸೆರಗು ಇಟ್ಟುಕೊಂಡು ಅಲ್ಲೇ ನೋಡುತ್ತಿದ್ದಳು. ಅತ್ತೆ ನನ್ನ ಕಡೆ ಬಾಗಿ ಏನೋ ಕೂಗಿದರು. ಪ್ಯಾಂಟು ಚೆನ್ನಾಗಿ ಬಂದಿದೆ ಅಂದರು ಅಂತ ತುಟಿ ನೋಡಿ ತಿಳಿದೆ.

ಏಳು ಹಾಡು ತಡೆಯಿತು. ನನ್ನ ಕಚ್ಚಾ ಹೊಲಿಗೆಯ ಮೇಲೆ ನನಗೇ ಅಭಿಮಾನ ಬರತೊಡಗಿತ್ತು. ಆಗ ಶಿವು ಮೈಕು ಹಿಡಿದು, ತನ್ನ ಮೆತ್ತನೆಯ ಸಚಿವಾಲಯದ ದನಿಯಲ್ಲಿ ಅಂದ: "ಈಗ ಹಾಡೋ ಹಾಡಿಗೆ ಮಾತು ಕೊಟ್ಟೋರು ನಮ್ ಭಾವ. ರಾಯದುರ್ಗದಿಂದ ಬಂದವ್ರೆ, ಮುಂದೆ ಕೂತವ್ರೆ. ಇವತ್ತು ನನ್ ಬಟ್ಟೇನೂ ಅವ್ರೇ ಹೊಲ್ದಿರೋದು." ಎಂಬತ್ತು ತೊಂಬತ್ತು ಕಪ್ಪು ಟೀಶರ್ಟುಗಳು ನನ್ನ ಕಡೆ ತಿರುಗಿ ಓ ಅಂದವು. ಕಾಡಹಂದಿಯ ಹಾಡು ಶುರುವಾಯಿತು. ಶಿವು ಮುಂದೆ ಬಂದು, ಪೆಟ್ಟಿಗೆಯ ಮೇಲೆ ಬಲಗಾಲಿಟ್ಟು, ನೇರ ನನ್ನ ಕಡೆಗೇ ಬಾಗಿದ.

ಹರಿದ ಸದ್ದು ಯಾರಿಗೂ ಕೇಳಲಿಲ್ಲ, ಅಷ್ಟು ಗದ್ದಲ. ನನಗೆ ಮಾತ್ರ ಕೇಳಿದಂಗಾಯಿತು. ಅವನ ಕೈ ಹಿಂದಕ್ಕೆ ಹೋಯಿತು. ಬೆರಳು ತಡವಿ ನೋಡಿದವು. ಆಮೇಲೆ ಅವನು ನನ್ನ ಮುಖ ನೋಡಿದ. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗೆ ನೋಡಲಿಲ್ಲ. ಗೊತ್ತಿತ್ತು ಬಿಡು ಅನ್ನೋ ಹಾಗೆ ನೋಡಿದ. ಅಲ್ಲಿಯವರೆಗೆ ಕುಣಿಯುತ್ತಿದ್ದವನು ಉಳಿದ ಹಾಡನ್ನು ಕಂಬದಂತೆ ನಿಂತು ಹೇಳಿ, ಮುಗಿದ ಕೂಡಲೆ ಡ್ರಮ್ಮಿನವನ ಕಿವಿಯಲ್ಲಿ ಏನೋ ಹೇಳಿ, ಗೋಡೆಗೆ ಬೆನ್ನು ಹಚ್ಚಿಕೊಂಡು ಅಡ್ಡಡ್ಡ ನಡೆದು ಒಳಗೆ ಹೋದ. ಡ್ರಮ್ಮಿನವನು ಒಬ್ಬನೇ ಬಾರಿಸತೊಡಗಿದ.

"ಹೋಗ್ರಿ" ಅಂದಳು ಗಿರಿಜ.

ವಧುವಿನ ಕೋಣೆಯಲ್ಲಿ ಇದ್ದ. ಕನ್ನಡಿಗೆ ಯಾರೋ ಅಂಟಿಸಿ ಬಿಟ್ಟ ಬಿಂದಿಗಳು. ಟವಲು ಸುತ್ತಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ, ಪ್ಯಾಂಟು ಮಂಚದ ಮೇಲೆ ಬಿದ್ದಿತ್ತು. ನಾನು ಪ್ಯಾಂಟು ಎತ್ತಿಕೊಂಡು, ಯಾವಾಗಲೂ ಕಾಲರಿನ ಹಿಂದೆ ಸಿಕ್ಕಿಸಿಕೊಂಡಿರುವ ಸೂಜಿ ತೆಗೆದು ದಾರ ಪೋಣಿಸಿದೆ. ಮೂರು ಸಲ ತಪ್ಪಿತು, ನಾಲ್ಕನೇ ಸಲ ಹೋಯಿತು.

"ಮರ್ತೆ ಶಿವು" ಅಂದೆ. "ಸೀಟಿಗೆ ಜೋಡು ಹೊಲಿಗಿ ಹಾಕೋದು ಮರ್ತೆ."

"ಇಪ್ಪತ್ತೆಂಟು ವರ್ಷದ ಕಸುಬು ಭಾವ" ಅಂದ ಅವನು. ದನಿ ಏರಿಸಲಿಲ್ಲ. "ಮರೀತಾರಾ?"

ನನಗೆ ಎರಡೇ ದಾರಿ ಇತ್ತು. ಬೇಕಂತ ಮಾಡಿದವನು ಅನ್ನಿಸಿಕೊಳ್ಳಬೇಕು, ಇಲ್ಲಾ ಕಸುಬೇ ಗೊತ್ತಿಲ್ಲದವನು ಅನ್ನಿಸಿಕೊಳ್ಳಬೇಕು. ಗೋಡೆಯಾಚೆ ಡ್ರಮ್ಮಿನವನು ಬಾರಿಸುತ್ತಲೇ ಇದ್ದ, ಅವನ ಕೈ ಎಷ್ಟು ಹೊತ್ತು ತಡೆದೀತು?

"ನಾನು ಮಾಸ್ಟ್ರು ಅಲ್ಲಪ್ಪ" ಅಂದೆ. ಸೂಜಿಯ ಮೇಲೇ ಕಣ್ಣಿಟ್ಟಿದ್ದೆ. "ನಾನು ಬೆಲ್ಟ್ ಹಚ್ಚಾವ. ಅಷ್ಟೇ. ಯೂನಿಟ್‌ನಾಗ ಜೇಬು ಒಬ್ರು, ಜಿಪ್ಪು ಒಬ್ರು. ಸೀಟು ಹನುಮಕ್ಕ ಅಂತ ಒಬ್ಬಾಕಿ ಹೊಲಿತಾಳ. ನಾನು ಕಚ್ಚಾ ಹೊಲಿಗಿ ಹಾಕಿ ಆಕಿ ಕಡಿ ಇಟ್ಟೆ. ಅವತ್ತು ರಜಾ, ಆಕಿ ಇರಲಿಲ್ಲ. ರೂಢಿ ನೋಡು, ಆಕಿ ಹೊಲಿದಿರ್ತಾಳ ಅಂತ ತಗೊಂಡುಬಿಟ್ಟೆ. ನಿಮ್ಮ ಮನ್ಯಾಗ ಎಲ್ಲಾರೂ ಮಾಸ್ಟ್ರು ಮಾಸ್ಟ್ರು ಅಂತಿದ್ರಿ, ನಾನೂ ಹೂಂ ಅಂದುಕೋತ ಬಂದೆ. ಪೂರ್ತಿ ಪ್ಯಾಂಟು ಒಂದೂ ಹೊಲಿದಿಲ್ಲ ನಾನು."

ನಾನು ಎರಡನೇ ಸಾಲು ಹೊಲಿಗೆ ತಿರುಗಿಸಿದೆ.

"ಅಂಗಾದ್ರೆ ಇದು?" ಅಂದ ಶಿವು.

"ಇದೇ ಮೊದಲನೇದು."

ಎದ್ದು ಬಂದು ಮಂಚದ ಮೇಲೆ ನನ್ನ ಪಕ್ಕ ಕೂತ. ಪ್ಯಾಂಟಿನ ಒಂದು ಕಾಲು ಎತ್ತಿ ಜೇಬು ನೋಡಿದ, ಜಿಪ್ಪು ಎಳೆದು ನೋಡಿದ. ಸೊಂಟದ ಪಟ್ಟಿಯ ಮೇಲೆ ಹೆಬ್ಬೆರಳು ಎಳೆದ. ದಾರ ಕಚ್ಚಿ ಕಡಿಯುತ್ತಾ, ಬಾಯಲ್ಲಿ ದಾರ ಇದ್ದಾಗಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ಈ ಜನ್ಮದಲ್ಲಿ ಹೇಳುತ್ತಿರಲಿಲ್ಲ: "ಅವತ್ತು ಹಂದಿ ಮಾತು ಅನ್ನಬಾರದಿತ್ತು. ತಪ್ಪಾತು."

ಶಿವು ಪ್ಯಾಂಟು ತಗೊಂಡು ಗೋಡೆ ಕಡೆ ತಿರುಗಿ ಹಾಕಿಕೊಂಡ. ಒಂದು ಸಲ ಕುಕ್ಕುರು ಕೂತು ಎದ್ದ. ಬಾಗಿಲ ತನಕ ಹೋಗಿ ನಿಂತ.

"ಭಾವ, ನಾನೊಂದು ಅನ್ಕೊಂಡಿದ್ದೆ" ಅಂದ. "ನೀವು ಬಂದಾಗ್ನಿಂದ ಒಂದ್ಸಲಾನೂ ನನ್ ಮಕ ನೋಡಿಲ್ಲ. ಕೆಳೀಕೇ ನೋಡ್ತಾ ಕೂತಿದ್ರಿ. ನನ್ ಹಾಡು ಕೇಳಾಕಾಗ್ದೆ ಅಕ್ಕನ ದಾಕ್ಷಿಣ್ಯಕ್ಕೆ ಕೂತವ್ರೆ ಅನ್ಕೊಂಡೆ. ಪ್ಯಾಂಟು ಹರಿದಿದ್ದಕ್ಕಿಂತ ಅದು ನೋವಾಯ್ತು ನಂಗೆ." ಬಾಗಿಲ ಚಿಲಕಕ್ಕೆ ಕೈ ಹಾಕಿ ಅಂದ: "ಇನ್ನೆರಡು ಹಾಡು ಐತೆ. ಮಕ ನೋಡ್ಕೊಂಡು ಕೇಳಿ."

ಹೋಗಿ ಕೂತೆ. ಮುಖ ನೋಡಿದೆ. ಆ ಸದ್ದು ಹೊರಡುವಾಗ ಅವನು ಕಣ್ಣು ಮುಚ್ಚುತ್ತಾನೆ, ಕತ್ತಿನ ನರ ಉಬ್ಬುತ್ತದೆ, ಮುಗಿದ ಮೇಲೆ ಚಿಕ್ಕ ಮಗುವಿನ ಹಾಗೆ ತುಟಿ ಒರೆಸಿಕೊಳ್ಳುತ್ತಾನೆ. ಇದೊಂದೂ ಇಯರ್‌ಫೋನಿನಲ್ಲಿ ನನಗೆ ಗೊತ್ತಾಗಿರಲಿಲ್ಲ. ಆ ಎರಡು ಹಾಡಿನಲ್ಲಿ ಅವನು ಕುಣಿದನೋ, ಪೆಟ್ಟಿಗೆಯ ಮೇಲೆ ಕಾಲಿಟ್ಟನೋ, ನನ್ನ ಹೊಲಿಗೆ ತಡೆಯಿತೋ ಬಿಟ್ಟಿತೋ, ದೇವರಾಣೆ ನನಗೆ ಗೊತ್ತಿಲ್ಲ.